ಹಸೆಗೆ ಕರೆದ ಹೆಸರು

ಅಜ್ಜಿಯನ್ನು ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ನಾನು ರಾಯದುರ್ಗದಿಂದ ಬಸ್ಸು ಬದಲಾಯಿಸುತ್ತಾ ಮಡಕಶಿರಾಕ್ಕೆ ಬಂದು, ಅಲ್ಲಿಂದ ಗುಡಿಬಂಡೆಯ ಕಡೆಗಿನ ಆಟೋ ಹಿಡಿದು ನಮ್ಮೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಂದಿದ್ದ ಹಾರ ಹಾಕಿ, ಕೈಮುಗಿದು ಹಿಂದಕ್ಕೆ ಸರಿಯುತ್ತಿದ್ದೆ. ಗುಂಪಿನಲ್ಲಿ ಯಾರದೋ ಜೇಬಿನಲ್ಲಿ ಫೋನು ಬಡಿದುಕೊಂಡಿತು. ರಿಂಗಾಗಿ ಬಂದದ್ದು ಅಜ್ಜಿಯದೇ ದನಿ. ‘ಬಾರವ್ವ ಈ... ಈ... ಈರಕ್ಕ.’ ಹಿಂದೆಯೇ ಡ್ರಮ್ಮಿನ ಏಟು. ಆ ಮನುಷ್ಯ ಗಾಬರಿಯಿಂದ ಜೇಬು ತಡಕಿ ಅದನ್ನು ನಿಲ್ಲಿಸಿದ. ಒಂದಿಬ್ಬರು ನಗು ತಡೆಯಲು ಬಾಯಿಗೆ ಟವೆಲ್ ಒತ್ತಿಕೊಂಡರು. ನಾನು ಅಜ್ಜಿಯ ಮುಖ ನೋಡಿದೆ. ನೋಡಬಾರದಿತ್ತು.

ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರನ್ನು ಅದು ಇದ್ದ ಜಾಗದಿಂದ ಎತ್ತಿ ಊರೂರಿಗೆ ಹಂಚಿದ ತಪ್ಪು ಆಗಲೇ ನನ್ನ ತಲೆಯ ಮೇಲಿದೆ. ಇನ್ನೊಂದು ಬೇಡ. ನಮ್ಮೂರಿನಲ್ಲಿ ಎಲ್ಲರಿಗೂ ಅವಳು ಅಜ್ಜಿ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳ ಮನೆ. ಹಿತ್ತಿಲಿನಲ್ಲಿ ಹಿಪ್ಪುನೇರಳೆ, ಪಡಸಾಲೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳು. ವರ್ಷದ ಬಹುಪಾಲು ಅವಳ ಸೀರೆಯಿಂದ ಸೊಪ್ಪಿನ ವಾಸನೆ ಬರುತ್ತಿತ್ತು. ಮದುವೆಯ ತಿಂಗಳುಗಳಲ್ಲಿ ಮಾತ್ರ ಅರಿಶಿನದ ವಾಸನೆ. ಏಕೆಂದರೆ ಹೇಮಾವತಿಯಿಂದ ಗುಡಿಬಂಡೆಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವ ಹಾಡು ಹಾಡಲು ಅವಳೇ ಬೇಕಾಗಿತ್ತು.

ಹಾಡುವ ಮುಂಚೆ ಅವಳದೊಂದು ಪದ್ಧತಿ. ಮದುಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗದ್ದ ಹಿಡಿದು ಮೇಲಕ್ಕೆತ್ತಿ, “ನಿನ್ ಹೆಸ್ರೇನವ್ವ?” ಎಂದು ಕೇಳುವಳು. ಆ ಹುಡುಗಿ ಹುಟ್ಟಿದಾಗ ತಾಯಿಯ ಬಾಣಂತನಕ್ಕೆ ನೀರು ಹೊತ್ತವಳೇ ಇವಳಾಗಿದ್ದರೂ ಕೇಳುವಳು. ಪಕ್ಕದವರು ಹೇಳಿದರೆ ಆಗದು. “ನಿಂಗ್ಯಾಕೆ? ಅವಳ ಬಾಯಾಗೆ ಬರ್ಲಿ” ಎಂದು ಗದರುವಳು. ಹುಡುಗಿ ನಾಚಿಕೊಂಡು ತನ್ನ ಹೆಸರು ಹೇಳಿದ ಮೇಲೆ ಎದ್ದು, ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಹಾಡು ಎತ್ತುವಳು. ಸಾಲಿನ ಕೊನೆಗೆ ಆ ಹೆಸರು ಬಂದು ಕೂರುತ್ತಿತ್ತು.

ಈಚಿನ ಹೆಸರುಗಳು ಅವಳಿಗೆ ಬಹಳ ಕಾಟ ಕೊಟ್ಟವು. ಒಬ್ಬಳು ಲಾಸ್ಯಪ್ರಿಯ ಎಂದಳು. ಅಜ್ಜಿ ನಾಲಿಗೆಯಲ್ಲಿ ಅದನ್ನು ಎರಡು ಸಲ ಹೊರಳಿಸಿ, “ನಿಮ್ಮಪ್ಪಂಗೆ ಬೇರೆ ಕೆಲ್ಸ ಇರ್ಲಿಲ್ವಾ?” ಎಂದು ಕೇಳಿ, ಲಾಸ್ಯಕ್ಕ ಎಂದು ಮಾಡಿಕೊಂಡು ಹಾಡಿಬಿಟ್ಟಳು. ಗಂಡಿನ ಕಡೆಯವರು ತೆಲುಗಿನವರಾದರೆ ಹಾಡಿನ ಅರ್ಧ ತೆಲುಗಿಗೆ ತಿರುಗುತ್ತಿತ್ತು. ಸಿನಿಮಾ ಧಾಟಿ ಕಿವಿಗೆ ಬಿದ್ದರೆ ಮರುವಾರ ಅದೂ ಬರುತ್ತಿತ್ತು. ಕೊಳವೆಬಾವಿ, ಟ್ರ್ಯಾಕ್ಟರು, ಬಳ್ಳಾರಿ ಬಸ್ಸು ಯಾವುದನ್ನೂ ಬಿಡಲಿಲ್ಲ. ಒಬ್ಬ ಸೊಸೆಗೆ ಮೂರು ಫೇಸು ಕರೆಂಟಿನ ಹಾಗೆ ಮನೆ ಬೆಳಗವ್ವ ಎಂದು ಹರಸಿದ್ದನ್ನು ನಾನೇ ಕೇಳಿದ್ದೇನೆ. ಚಪ್ಪರದವರೆಲ್ಲ ನಕ್ಕರು. ಕರೆಂಟಿನ ಕಷ್ಟ ಗೊತ್ತಿದ್ದವರು ಇನ್ನೂ ಜೋರಾಗಿ ನಕ್ಕರು.

ನಾನು ರಾಯದುರ್ಗದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಊರಿಗೆ ಹೋದಾಗಲೆಲ್ಲ ಅವಳ ಹಾಡುಗಳನ್ನು ಬರೆದುಕೊಳ್ಳುವ ಚಟ ಹತ್ತಿತ್ತು. ಪ್ರತಿ ಸಲವೂ ಅದೇ ಹಾಡು ಬೇರೆಯಾಗಿ ಬರುತ್ತಿತ್ತು. ಒಮ್ಮೆ ರೇಗಿ, “ಅಜ್ಜಿ, ಇದ್ರಾಗೆ ನಿಜವಾದ ಹಾಡು ಯಾವ್ದು?” ಎಂದು ಕೇಳಿದೆ. ಸೊಪ್ಪು ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಹೆಸ್ರೊಂದು ನಿಜ ಕಣಪ್ಪ. ಮಿಕ್ಕಿದ್ದೆಲ್ಲ ಆ ಹೊತ್ತಿಗೆ ಬಾಯಿಗೆ ಬಂದಿದ್ದು.”

ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಅರ್ಥ ಮಾಡಿಕೊಳ್ಳಲಿಲ್ಲ.

ದನಿಯನ್ನೂ ಹಿಡಿದಿಡಬೇಕು ಎನ್ನಿಸಿದ್ದು ಒಂದು ಬೇಸಿಗೆ ರಜೆಯಲ್ಲಿ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆ ಎತ್ತಿಕೊಂಡು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆವತ್ತು ಅವಳ ಹುಳುಗಳು ಜ್ವರಕ್ಕೆ ಕೂತಿದ್ದವು. ಸೊಪ್ಪು ಹಾಕುವ ಕೆಲಸವಿರಲಿಲ್ಲ. ಬಿಡುವಾಗಿ ಬೇವಿನ ಮರದ ಕೆಳಗೆ ಕೂತಿದ್ದಳು. ನಾನು ಫೋನು ತೆಗೆದು, ಹಸೆ ಹಾಡು ಹೇಳು ಎಂದೆ.

“ಎಲ್ಲೈತೆ ಹಸೆ? ಯಾರೂ ಇಲ್ದೆ ಯಾರನ್ನ ಕರೀಲಿ?”

“ಸುಮ್ನೆ ಹಾಡಜ್ಜಿ. ರೆಕಾರ್ಡಿಂಗ್‌ಗೆ ಅಷ್ಟೇ.”

“ಹಂಗೆಲ್ಲ ಸುಮ್ನೆ ಕರೀಬಾರ್ದು ಕಣಪ್ಪ.”

ನಾನು ಬಿಡಲಿಲ್ಲ. ಮೇಷ್ಟರುಗಳಿಗೆ ಒಂದು ಹಟವಿರುತ್ತದೆ, ಎದುರಿನವರು ಬೇಡ ಎಂದರೆ ಅವರಿಗೆ ಅರ್ಥವಾಗಿಲ್ಲ ಎಂದೇ ನಾವು ತಿಳಿಯುವುದು. “ಯಾವ್ದಾದ್ರೂ ಒಂದು ಹೆಸ್ರು ಹಾಕು, ಏನಾಗ್ತೈತೆ” ಎಂದೆ. ಅವಳು ಮರದ ಕೆಳಗಿನ ಬರಿ ನೆಲ ನೋಡಿದಳು. ಆಮೇಲೆ, “ಒಂದು ಚಾಪೆನಾದ್ರೂ ಹಾಸು” ಎಂದಳು. ಹಾಸಿದೆ. ಆ ಖಾಲಿ ಚಾಪೆಯ ಕಡೆ ನೋಡಿಕೊಂಡು, ಸೆರಗನ್ನು ಬಾಯಿಗೆ ಹಿಡಿದು ಹಾಡಿದಳು.

‘ಬೇವಿನ ನೆರಳಾಗೆ ಬಿಳಿ ಚಾಪೆ ಹಾಸೀನಿ
ಬಿಸಿಲೇರೋ ಮುಂಚೆ ಬಾರವ್ವ ಈರಕ್ಕ.’

ಈರಕ್ಕ ಎನ್ನುವಲ್ಲಿ ದನಿ ಒಡೆಯಿತು. ಒಂದು ಕ್ಷಣ ನಿಂತು ಮತ್ತೆ ಹಿಡಿದುಕೊಂಡಿತು. ವಯಸ್ಸಾಯಿತು ಎಂದುಕೊಂಡೆ. ಮುಗಿದ ಮೇಲೆ ಅವಳೇ ಎದ್ದು ಚಾಪೆ ಸುತ್ತಿ, ಅದನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು. ನನಗೆ ಕಾಫಿ ಕೂಡ ಕೇಳಲಿಲ್ಲ. ನಾನು ಹಿಗ್ಗಿನಿಂದ ಮನೆಗೆ ಬಂದೆ.

ರಾಯದುರ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿ ನಾಗರಾಜ ಸ್ಟುಡಿಯೋ ಇಟ್ಟಿದ್ದಾನೆ. ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟಿನ ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಮಿಷನ್ನುಗಳ ಸದ್ದು, ಮೇಲೆ ಇವನ ಹಾಡಿನ ಸದ್ದು. ಮದುವೆಯ ವಿಡಿಯೋ ತೆಗೆಯುವುದು ಅನ್ನಕ್ಕೆ, ಹಾಡಿನ ವಿಡಿಯೋ ಮಾಡುವುದು ಆಸೆಗೆ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಕೆಳಗಿನ ಯೂನಿಟ್ಟಿನಲ್ಲಿ ಮಿಕ್ಕಿದ ತುಂಡುಗಳನ್ನು ಸೇರಿಸಿ ಹೊಲಿದ ಪ್ಯಾಂಟೊಂದನ್ನು ತೋರಿಸಿ, “ನೋಡ್ರಿ ಸರ್, ನಾನೂ ಇದನ್ನ ಮಾಡಾದು. ಅವ್ರದು ಬಟ್ಟೆ, ನಂದು ಹಾಡು. ಒಟ್ನಾಗ ಕಟ್‌ಪೀಸ್ ಮಂದಿರೀ ನಾವು” ಎಂದಿದ್ದ. ಅವನಿಗೆ ಒಂದು ಹಳ್ಳಿ ದನಿ ಬೇಕಾಗಿತ್ತು. ಅಜ್ಜಿಯನ್ನು ಒಂದು ಮಾತೂ ಕೇಳದೆ ನಾನು ರೆಕಾರ್ಡಿಂಗನ್ನೂ ಅವಳದೊಂದು ಫೋಟೋವನ್ನೂ ಅವನ ಫೋನಿಗೆ ಕಳಿಸಿದೆ.

ವಿಡಿಯೋ ಬಂತು. ಈಗಲೂ ಹೇಳುತ್ತೇನೆ, ಅದು ಜಾಣ ಕೆಲಸ. ಕೆಳಗಿನ ಯೂನಿಟ್ಟಿನಲ್ಲಿ ಹೊಲಿಯುವ ಹುಡುಗಿಯೊಬ್ಬಳು ತುಂಡು ಜೀನ್ಸಿನ ಪ್ಯಾಂಟು ತೊಟ್ಟು, ಹಣೆಗೆ ಬಾಸಿಂಗ ಕಟ್ಟಿಕೊಂಡು ಕುಣಿಯುತ್ತಾಳೆ. ಹಿಂದೆ ಹೇಮಾವತಿಯ ಗುಡಿಯ ಕಂಬಗಳು. ಇದ್ದಕ್ಕಿದ್ದಂತೆ ಕ್ಯಾಮೆರಾ ಹಿಂದಕ್ಕೆ ಸರಿದರೆ ಕಂಬಗಳೂ ಇಲ್ಲ, ಗುಡಿಯೂ ಇಲ್ಲ. ಇಬ್ಬರು ಹಸಿರು ಬಟ್ಟೆ ಹಿಡಿದು ನಿಂತಿದ್ದಾರೆ, ಒಬ್ಬ ಆಕಳಿಸುತ್ತಿದ್ದಾನೆ. ನಾಗರಾಜನೇ ಮಿರ್ಚಿ ಬಜ್ಜಿ ತಿನ್ನುತ್ತಾ ಚಿತ್ರದೊಳಗೆ ಬಂದು “ಕಟ್” ಎನ್ನುತ್ತಾನೆ. ಹಾಡು ನಿಲ್ಲುವುದಿಲ್ಲ. ಹೊಸ ಚಿತ್ರಕ್ಕೆ ಹಳೆಯ ಸಿನಿಮಾದ ಗೀರುಗಳನ್ನು ಬೇಕೆಂದೇ ಹಾಕಿದ್ದಾನೆ. ಕೆಳಗೆ ಟಿವಿ ಸುದ್ದಿಯ ಹಾಗೆ ಕೆಂಪು ಪಟ್ಟಿ ಓಡುತ್ತದೆ: ‘ಈರಕ್ಕ ಎಲ್ಲಿ?’ ಅಜ್ಜಿ ಹೆಸರು ಕರೆದಾಗಲೆಲ್ಲ ಹಸೆಯ ಮೇಲೆ ಬೇರೆ ಬೇರೆಯವರು ಕೂತಿರುತ್ತಾರೆ. ಒಮ್ಮೆ ಬಸ್ ಕಂಡಕ್ಟರ್, ಒಮ್ಮೆ ಪೊಲೀಸು, ಒಮ್ಮೆ ಒಂದು ಮೇಕೆ. ಎಲ್ಲರೂ ತಿರುಗಿ ನೋಡುತ್ತಾರೆ, ಯಾರೂ ಈರಕ್ಕ ಅಲ್ಲ. ಕೊನೆಗೆ ಖಾಲಿ ಹಸೆ, ಅಲ್ಲಿಂದ ಹಾಡು ಮತ್ತೆ ಮೊದಲಿಗೆ. ದನಿ ಒಡೆದ ಆ ಜಾಗವನ್ನು ನಾಗರಾಜ ಕತ್ತರಿಸಿ, ತಿರುತಿರುಗಿ ಬರುವ ಹಾಗೆ ಜೋಡಿಸಿದ್ದ. ಈ, ಈ, ಈರಕ್ಕ.

ಜನ ಮರುಳಾದದ್ದು ಆ ಒಡಕಿಗೇ. ಬೆಳುಗುಪ್ಪದ ಆಟೋದಲ್ಲಿ ಅದೇ, ಮಡಕಶಿರಾದ ಮೊಬೈಲ್ ಅಂಗಡಿಯಲ್ಲಿ ಅದೇ. ರೀಲ್ಸ್ ಮಾಡುವವರು ತಮ್ಮ ಅಜ್ಜಿ, ನಾಯಿ, ಗಂಡ ಎಲ್ಲರನ್ನೂ ಹಸೆಯ ಮೇಲೆ ಕೂರಿಸಿದರು. ಮದುವೆಗಳಲ್ಲಿ ಹೆಣ್ಣು ಹಸೆಗೆ ಬರುವ ಹೊತ್ತಿಗೆ ಡಿಜೆಯವರು ಅದನ್ನೇ ಹಾಕತೊಡಗಿದರು. ಅಜ್ಜಿಯನ್ನು ಹಾಡಲು ಕರೆಯುವುದು ನಿಂತಿತು. ಒಂದು ಮದುವೆಯಲ್ಲಂತೂ ಅವಳು ತಾನಾಗಿ ಹಾಡು ಎತ್ತಿ ಮದುಮಗಳ ಹೆಸರು ಸೇರಿಸಿದಾಗ, ಹಿಂದೆ ನಿಂತ ಹುಡುಗಿಯರು, “ಅಜ್ಜಿ, ತಪ್ಪಾಡ್ತೀಯ. ಅಲ್ಲಿ ಈರಕ್ಕ ಅಂತ ಬರ್ಬೇಕು” ಎಂದು ತಿದ್ದಿದರಂತೆ.

ಇದನ್ನು ನನಗೆ ಹೇಳಿದ್ದು ನನ್ನ ತಂಗಿ. ನಾನು ನಕ್ಕೆ. ನಕ್ಕದ್ದು ಮಾತ್ರವಲ್ಲ, ಅದನ್ನು ನನ್ನ ಪ್ರಬಂಧಕ್ಕೆ ಸೇರಿಸಿಕೊಂಡೆ. ಜಿಲ್ಲೆಯ ಒಂದು ಕಾಲೇಜಿನಲ್ಲಿ ಆಧುನಿಕೋತ್ತರ ಚಿಂತನೆಯ ಬಗ್ಗೆ ವಿಚಾರಸಂಕಿರಣವಿತ್ತು. ಬೇರೆಯವರು ಪುಸ್ತಕಗಳ ಬಗ್ಗೆ ಮಾತಾಡಿದರು. ನಾನು ನಾಗರಾಜನ ವಿಡಿಯೋವನ್ನು ಪರದೆಯ ಮೇಲೆ ಹಾಕಿ ಮಾತಾಡಿದೆ. ಇಲ್ಲಿ ಯಾವುದೂ ಮೂಲವಲ್ಲ, ಎಲ್ಲವೂ ತುಂಡುಗಳ ಜೋಡಣೆ ಎಂದೆ. ಚಿತ್ರ ತನ್ನ ಸುಳ್ಳನ್ನು ತಾನೇ ಬಯಲು ಮಾಡಿಕೊಂಡು ನಗುತ್ತದೆ ಎಂದೆ. ನಕಲು ಮೂಲವನ್ನೇ ತಿದ್ದುವ ಕಾಲ ಇದು ಎಂದು ಹುಡುಗಿಯರು ಅಜ್ಜಿಯನ್ನು ತಿದ್ದಿದ ಕಥೆ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ಹುಮ್ಮಸ್ಸಿನಲ್ಲಿ ಕೊನೆಯ ಮಾತು ಹೇಳಿದೆ: “ಈರಕ್ಕ ಯಾರು ಎಂದು ಕೇಳಬೇಡಿ. ಈರಕ್ಕ ಯಾರೂ ಅಲ್ಲ. ಆ ಹೆಸರಿನ ಹಿಂದೆ ಯಾರೂ ಇಲ್ಲ.” ಶಾಲು ಹೊದಿಸಿದರು.

ಅದಾದ ಮುಂದಿನ ವಾರ ಒಂದು ಬೆಳಿಗ್ಗೆ ರಾಯದುರ್ಗದ ನಮ್ಮ ಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಗುಡಿಬಂಡೆ, ಮಡಕಶಿರಾ ಬಿಟ್ಟು ಅಷ್ಟು ದೂರ ಒಬ್ಬಳೇ ಎಂದೂ ಬಂದವಳಲ್ಲ. ಬಸ್ಸು ತಪ್ಪಿಸಿಕೊಂಡು, ದಾರಿಯಲ್ಲಿ ಯಾರದೋ ಮನೆಯಲ್ಲಿ ಮಲಗಿ, ನನ್ನ ಕಾಲೇಜಿನ ಹೆಸರು ಕೇಳಿಕೊಂಡು ಬಂದಿದ್ದಳು. ನನ್ನ ಹೆಂಡತಿ ನೀರು ಕೊಟ್ಟರೆ ಕುಡಿಯದೆ ಕೆಳಗಿಟ್ಟಳು.

“ಮೊಬೈಲಾಗೆ ತೋರ್ಸಿದ್ರು ಕಣಪ್ಪ. ನಂಗೆ ಕೂಲಿಂಗ್ ಗ್ಲಾಸ್ ಹಾಕಿದ್ದೀರ” ಎಂದಳು.

ಹೌದು, ಒಂದು ಕಡೆ ಅವಳ ಫೋಟೋಗೆ ನಾಗರಾಜ ಕಪ್ಪು ಕನ್ನಡಕ ಅಂಟಿಸಿದ್ದ. ಬೈಯಲು ಬಂದಿದ್ದಾಳೆ ಎಂದುಕೊಂಡು, ತಪ್ಪಾಯ್ತಜ್ಜಿ ಎಂದೆ.

“ಅದಕ್ಕಲ್ಲ. ಅದು ಚೆನ್ನಾಗೇ ಐತೆ. ಆ ಹೆಸ್ರು ತೆಗ್ಸಪ್ಪ. ಅದೊಂದು ತೆಗ್ಸು, ಮಿಕ್ಕಿದ್ದು ಏನಾರ ಮಾಡ್ಕೊಳ್ಳಿ.”

“ಯಾಕಜ್ಜಿ?”

“ಈರಕ್ಕ ನನ್ ಮಗಳು.”

ಅವಳಿಗೆ ಒಬ್ಬ ಮಗಳಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲಿನ ಮಾತು. ಮದುವೆ ಗೊತ್ತಾಗಿ, ಚಪ್ಪರಕ್ಕೆ ಗಳ ತಂದು ಹಾಕಿದ್ದಾಗ ಹುಡುಗಿಗೆ ಕಾಮಾಲೆ ಬಂತು. ನಾಟಿ ಔಷಧಿ ಕುಡಿಸಿದರು, ಉಳಿಯಲಿಲ್ಲ. ಅವಳ ಹಸೆಗೆಂದು ನೇಯಿಸಿದ ಚಾಪೆ ಹಾಗೇ ಉಳಿಯಿತು. ನಾನು ಆವತ್ತು ಬೇವಿನ ಮರದ ಕೆಳಗೆ ಹಾಸಿದ್ದು ಅದನ್ನೇ. ಮನೆಯೊಳಗೆ ಹೋಗಿ ಕೈಗೆ ಸಿಕ್ಕಿದ ಚಾಪೆಯನ್ನು ಎಳೆದು ತಂದಿದ್ದೆ.

“ಎಷ್ಟೋ ಹೆಣ್ಮಕ್ಳ ಹೆಸ್ರು ಹಾಡೀನಿ. ಅವಳ್ದೊಂದು ಹಾಡಿರ್ಲಿಲ್ಲ. ನೀನು ಯಾವ್ದಾದ್ರೂ ಹಾಕು ಅಂದೆ. ಬಾಯಿಗೆ ಬಂದ್ಬಿಡ್ತು. ಯಾರೂ ಇಲ್ವಲ್ಲ, ಒಂದ್ಸಲ ಕರ್ದು ನೋಡಾನ ಅಂತ ಕರ್ದೆ.” ಕೆಳಗಿಟ್ಟ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಈಗ ದಿನಾ ಕರೀತಾರೆ. ಒಂದೇ ದಿನ ನಾಕು ಊರಾಗೆ ಕರೀತಾರೆ. ಅವಳು ಬರ್ತಾಳೆ ಕಣಪ್ಪ. ಕರ್ದ್ರೆ ಬರ್ದೆ ಇರ್ತಾಳಾ? ಬಂದು ನೋಡಿದ್ರೆ ಹಸೆ ಮೇಲೆ ಬೇರೆಯವ್ರು ಕೂತಿರ್ತಾರೆ.”

ನನ್ನ ಹೆಂಡತಿ ಅಡುಗೆಮನೆಗೆ ಹೋದಳು. ನಾನು ಹೋಗುವಂತಿರಲಿಲ್ಲ. ಶಾಲು ಹೊದಿಸಿಕೊಂಡ ಸಭೆಯಲ್ಲಿ ಹೇಳಿದ ಮಾತು ಕಿವಿಯಲ್ಲೇ ಇತ್ತು. ನಾಚಿಕೆಯೆಂದರೆ ಏನು ಎಂದು ನನಗೆ ಗೊತ್ತಾದದ್ದು ಆ ಕುರ್ಚಿಯ ಮೇಲೆ.

ಅವಳನ್ನು ನಾಗರಾಜನ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಹೊಲಿಯುತ್ತಿದ್ದ ಹೆಂಗಸರು ಗುರುತು ಹಿಡಿದು, “ಈರಕ್ಕನ ಅಜ್ಜಿ ಬಂದಾಳ ನೋಡ್ರೆ” ಎಂದು ಮಿಷನ್ ನಿಲ್ಲಿಸಿ ಎದ್ದು ಬಂದರು. ಒಬ್ಬಳು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಳು. ಅಜ್ಜಿ ನಿಂತಳು. ಮೇಲೆ ನಾಗರಾಜ ಕಿವಿಯಿಂದ ಹೆಡ್‌ಫೋನ್ ತೆಗೆದು ಎದ್ದು, “ಬರ್ರಿ ಅಜ್ಜಿ, ಬರ್ರಿ, ನಿಮ್ಮಿಂದ ನಮ್ ಹೆಸರು ಎಲ್ಲೆಲ್ಲೋ ಹೋತ್ರಿ” ಎಂದು ಕಾಲಿಗೆ ಬಿದ್ದ. ನಾನು ವಿಷಯ ಹೇಳಿದೆ. ಹೇಳುತ್ತಾ ಹೋದಂತೆ ಅವನು ಕುರ್ಚಿಯ ತುದಿಗೆ ಬಂದು ಕೂತ.

“ಸರ್, ಆ ದನಿ ಒಡದಿದ್ದು... ಅದು ಅಳು ಏನ್ರೀ? ನಾನು ಅದನ್ನ ಹನ್ನೊಂದು ಸಲ ಹಾಕೀನ್ರಿ.”

ಅಜ್ಜಿಯೇ ಅವನ ತಲೆ ಸವರಿದಳು. “ನೀನೇನ್ ಮಾಡೀಯ ಬಿಡಪ್ಪ, ನಿಂಗೆ ಗೊತ್ತಿರ್ಲಿಲ್ಲ” ಎಂದಳು. ನನ್ನ ಕಡೆ ನೋಡಲಿಲ್ಲ.

ಅವನು ಕಂಪ್ಯೂಟರಿನಲ್ಲಿ ಹಾಡನ್ನು ತೆರೆದ. ಅಜ್ಜಿಯ ದನಿ ಪರದೆಯ ಮೇಲೆ ಹಸಿರು ಗೆರೆಯಾಗಿ ಉಬ್ಬುತ್ತಾ ಇಳಿಯುತ್ತಾ ಹೋಗಿತ್ತು. ಒಂದು ಉಬ್ಬಿನ ಮೇಲೆ ಬೆರಳಿಟ್ಟು, ಇಲ್ಲಿ ನೋಡ್ರಿ ಹೆಸರು ಬರ್ತದ ಎಂದ. ಅಜ್ಜಿ ಕಣ್ಣು ಕಿರಿದು ಮಾಡಿ, ಬಗ್ಗಿ, ಪರದೆಯ ಮೇಲೆ ತಾನೂ ಬೆರಳಿಟ್ಟಳು.

“ಇದಾ ಅವಳು?”

“ಹೌದ್ರಿ.”

“ಇಷ್ಟೇನಾ?”

ಒಂದೊಂದೇ ಉಬ್ಬನ್ನು ಹಿಡಿದು ಅವನು ಅಳಿಸುತ್ತಾ ಹೋದ. ಆ ಜಾಗದಲ್ಲೆಲ್ಲ ಗೆರೆ ಮಟ್ಟಸವಾಯಿತು. ಹಾಡಿಸಿದರೆ, ‘ಬಿಸಿಲೇರೋ ಮುಂಚೆ ಬಾರವ್ವ’ ಎಂದು ಬಂದು ಅಲ್ಲಿ ಸುಮ್ಮನಾಗುತ್ತಿತ್ತು. “ಹೋದ್ಲಾ?” ಎಂದು ಕೇಳಿದಳು. “ಹೋದ್ರಿ ಅಜ್ಜಿ” ಎಂದ ನಾಗರಾಜ. ತೆಗೆಸಲೆಂದೇ ಅಷ್ಟು ದೂರ ಬಂದವಳು ಆಗ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾವಿಬ್ಬರೂ ಗಂಡಸರು ಪರದೆ ನೋಡುತ್ತಾ ಕೂತೆವು.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು, “ಪೂರ್ತಿ ಅಳಿಸ್ಬಿಟ್ನಾ? ಎಲ್ಲೂ ಇಲ್ವಾ?” ಮೊದಲ ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ, ಅದನ್ನೂ ತೆಗೆಯುತ್ತೇನೆ ಎಂದೆ. “ಬೇಡ” ಎಂದು ನನ್ನ ಕೈ ಹಿಡಿದುಕೊಂಡಳು. “ಅದು ಇರ್ಲಿ. ಅದು ನಾನು ಕರ್ದಿದ್ದು.”

ನಾಗರಾಜ ಒಳ್ಳೆಯವನು. ಹಳೆಯ ವಿಡಿಯೋವನ್ನು ತನ್ನ ಚಾನೆಲ್ಲಿನಿಂದ ಅಂದೇ ತೆಗೆದುಹಾಕಿ, ಹೆಸರಿಲ್ಲದ್ದನ್ನು ಹಾಕಿದ. ಅಷ್ಟರಲ್ಲಿ ಹಳೆಯದು ಡಿಜೆಯವರ ಪೆನ್‌ಡ್ರೈವ್‌ಗಳಲ್ಲಿ, ಕಂಡಕಂಡವರ ಫೋನುಗಳಲ್ಲಿ ಸೇರಿಹೋಗಿತ್ತು. ಯಾರೋ ತೆಲುಗಿನಲ್ಲಿ ಮಾಡಿದ್ದರು, ಇನ್ಯಾರೋ ಅದರ ಮೇಲೆ ಇನ್ನೊಂದು ಹಾಡು ಹೊಲಿದಿದ್ದರು. ನಾವು ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆವು. “ಸರೀರಿ ಸರ್” ಎನ್ನುವರು, ಅಷ್ಟೇ. ಒಬ್ಬ ಡಿಜೆಯವನು ಹೊಸದನ್ನೇ ಹಾಕಲು ಒಪ್ಪಿದ. ಆ ಮದುವೆಗೆ ನಾಗರಾಜನೇ ವಿಡಿಯೋ ತೆಗೆಯಲು ಹೋಗಿದ್ದ. ಅಲ್ಲಿಂದಲೇ ನನಗೆ ಫೋನು ಮಾಡಿದ.

“ಸರ್, ಕೇಳ್ರಿ ಇಲ್ಲಿ” ಎಂದು ಫೋನನ್ನು ಮೇಲಕ್ಕೆ ಹಿಡಿದ.

ಹಾಡು ಬಂತು. ‘ಬಿಸಿಲೇರೋ ಮುಂಚೆ ಬಾರವ್ವ...’ ಹೆಸರು ಇರಬೇಕಾದಲ್ಲಿ ನಾವು ಮಾಡಿದ್ದ ಮೌನ. ಆ ಮೌನದೊಳಗೆ ಚಪ್ಪರದ ಜನವೆಲ್ಲ ಒಟ್ಟಿಗೆ ಕೂಗಿದರು: “ಈರಕ್ಕಾ!”

ಮೊದಲು ಹನ್ನೊಂದು ಸಲ ಒಬ್ಬಳು ಕರೆಯುತ್ತಿದ್ದಳು. ನಾವು ಸರಿ ಮಾಡಿದ ಮೇಲೆ ನೂರಾರು ಜನ ಕರೆಯತೊಡಗಿದರು. ಆ ಮೌನವೇ ಆಟವಾಯಿತು. ಯಾರು ಜೋರಾಗಿ ಕೂಗುತ್ತಾರೆ ಎಂದು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಪಂಥ ಕಟ್ಟಿದರು. ನಾಗರಾಜ ಫೋನಿನಲ್ಲಿ, “ಇನ್ನೇನು ಮಾಡ್ಲಿ ಹೇಳ್ರಿ ಸರ್, ಮಂದಿ ಬಾಯಾಗ ಹೆಂಗ ಕಟ್ ಮಾಡ್ಲಿ?” ಎಂದ. ಇಂಥದಕ್ಕೆ ಯಾರ ಹತ್ತಿರ ಅರ್ಜಿ ಕೊಡಬೇಕು, ಯಾರ ಕಾಲು ಹಿಡಿಯಬೇಕು ಎಂದು ಈಗಲೂ ನನಗೆ ಗೊತ್ತಿಲ್ಲ.

ಅಜ್ಜಿಗೆ ಇದನ್ನು ಹೇಳಲು ಧೈರ್ಯ ಬರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳಿಗೆ ಕಿವಿಯಿತ್ತು. ಊರಿಗೆ ಹೋದರೂ ಅವಳ ಮನೆ ಮುಂದೆ ಹಾಯದೆ ಹಿಂದಿನ ಓಣಿಯಲ್ಲಿ ಬರುತ್ತಿದ್ದೆ.

ಈಚೆಗೆ ಕರೆಯದಿದ್ದರೂ ಅವಳು ಮದುವೆಗಳಿಗೆ ಹೋಗುತ್ತಾಳೆ ಎಂದು ತಂಗಿ ಹೇಳುತ್ತಿದ್ದಳು. ಹುಳು ಸಾಕುವುದನ್ನೂ ಬಿಟ್ಟಿದ್ದಳಂತೆ. ಡಿಜೆ ಇದೆ ಎಂದು ಗೊತ್ತಾದರೆ ಸಾಕು, ಆಟೋ ಹತ್ತಿ ಹೊರಟುಬಿಡುತ್ತಿದ್ದಳು. ಊಟಕ್ಕೂ ಕೂರುವುದಿಲ್ಲ, ಮುಯ್ಯಿ ಹೊತ್ತಿಗೂ ಇರುವುದಿಲ್ಲ, ಹಾಡು ಮುಗಿದ ಮೇಲೆ ವಾಪಸ್ಸು. ವಯಸ್ಸಾದವರಿಗೆ ಹೀಗೆ ಒಂದು ಗೀಳು ಹಿಡಿಯುತ್ತದೆ ಎಂದು ಜನ ಮಾತಾಡಿಕೊಂಡರು. ತನ್ನ ದನಿ ಕೇಳುವ ಆಸೆ ಎಂದು ಕೆಲವರು ನಕ್ಕರು.

ನನ್ನ ತಂಗಿಯ ಮಗಳ ಮದುವೆ ಮಡಕಶಿರಾದ ಕಲ್ಯಾಣಮಂಟಪದಲ್ಲಿ ನಡೆಯಿತು. ಡಿಜೆ ಬೇಡವೆಂದು ನಾನು ಹೇಳಿದ್ದೆ. ಗಂಡಿನ ಕಡೆಯವರು ಕೇಳಲಿಲ್ಲ. ನಾನು ಹೆಣ್ಣಿನ ಸೋದರಮಾವ, ಹೆಚ್ಚು ಜಗ್ಗಾಡುವಂತಿರಲಿಲ್ಲ. ಹುಡುಗಿಯನ್ನು ಹಸೆಗೆ ತರುವ ಮುಂಚೆ ಅಜ್ಜಿ ಬಂದಳು. ನಾನು ಕಂಬದ ಹಿಂದೆ ನಿಂತು ನೋಡಿದೆ. ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗದ್ದ ಹಿಡಿದೆತ್ತಿ, ಹೆಸರು ಕೇಳಿದಳು. ಅವಳು ಹೇಳಿದಳು. ಅಜ್ಜಿ ತಲೆದೂಗಿ, ಮುಖ ಸವರಿ ಲಟಿಕೆ ಮುರಿದು ಎದ್ದಳು. ಹಾಡು ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೊರಬಾಗಿಲ ಕಡೆ ಹೊರಟಳು.

ಡಿಜೆ ಶುರುವಾಯಿತು. ಸಿಟ್ಟು ಮಾಡಿಕೊಂಡು ಹೋಗುತ್ತಿದ್ದಾಳೆ ಎಂದು ನಾನು ಹಿಂದೆಯೇ ಓಡಿದೆ. ಅವಳು ಹೋಗಿರಲಿಲ್ಲ. ಬಾಗಿಲ ಹೊರಗೆ, ಬಾಳೆಕಂಬದ ಪಕ್ಕ, ಮಂಟಪಕ್ಕೆ ಬೆನ್ನು ಮಾಡಿ ರಸ್ತೆಯ ಕಡೆ ಮುಖವಿಟ್ಟು ನಿಂತಿದ್ದಳು. ಬಿಸಿಲು ಸುರಿಯುತ್ತಿತ್ತು. ಒಳಗೆ ಎಲ್ಲರೂ “ಈರಕ್ಕಾ!” ಎಂದು ಕೂಗಿದರು. ಅಜ್ಜಿ ಎರಡೂ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು:

“ನಿನ್ನಲ್ಲ ಕಣವ್ವ. ಬರ್ಬ್ಯಾಡ. ನಿನ್ನಲ್ಲ ಕರ್ದಿದ್ದು.”

ಮತ್ತೆ ಕೂಗಿದರು. ಮತ್ತೆ ಹೇಳಿದಳು. ಹನ್ನೊಂದು ಸಲವೂ ಹೇಳಿದಳು. ಒಂದು ಸಲ ಹೇಳುವುದು ತಡವಾದಾಗ ಗಾಬರಿಯಿಂದ ಒಂದು ಹೆಜ್ಜೆ ಮುಂದೆಯೇ ಇಟ್ಟಳು. ನಾನು ಅವಳ ಹಿಂದೆ ಒಂದು ಮಾರು ದೂರದಲ್ಲಿ ನಿಂತಿದ್ದೆ. ಹಾಡು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದವಳು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ಮಗೀಗೆ ದೃಷ್ಟಿ ತೆಗ್ಸಪ್ಪ, ಲಕ್ಷಣವಾಗವ್ಳೆ” ಎಂದು ಹೇಳಿ ಆಟೋ ಹತ್ತಿದಳು.

ಆಮೇಲೆ ನಾನು ಅವಳನ್ನು ನೋಡಿದ್ದು ಗೋಡೆಗೆ ಒರಗಿಸಿ ಕೂರಿಸಿದ್ದಾಗಲೇ. ಮಣ್ಣು ಮಾಡುವಾಗ ಆ ಚಾಪೆಯನ್ನು ಅವಳ ಜೊತೆಗೇ ಇಡಿ ಎಂದು ನಾನು ಹೇಳಿದೆ. ಹಳೇ ಚಾಪೆ ಯಾಕೆ ಎಂದರು. ಇಡಿ ಎಂದೆ. ಇಟ್ಟರು. ಇಷ್ಟೆಲ್ಲ ಆದ ಮೇಲೆ ಅವಳಿಗೆ ನನ್ನ ಕೈಯಿಂದ ಆದ ಕೆಲಸ ಅದೊಂದೇ. ಫೋನಿನಲ್ಲಿ ಆ ರೆಕಾರ್ಡಿಂಗ್ ಈಗಲೂ ಇದೆ. ಕೇಳಲು ನನಗೆ ಆಗಿಲ್ಲ.

ಮೊನ್ನೆ ನನ್ನ ಸಹೋದ್ಯೋಗಿಯ ಮಗಳ ಮದುವೆಗೆ ರಾಯದುರ್ಗದಲ್ಲೇ ಹೋಗಬೇಕಾಯಿತು. ಊಟದ ಎಲೆ ಹಾಕಿದ್ದರು, ನಾನು ಕೂತಿದ್ದೆ. ಹೆಣ್ಣನ್ನು ಕರೆತಂದರು, ಹಾಡು ಹಾಕಿದರು. ಬೇವಿನ ನೆರಳು, ಬಿಳಿ ಚಾಪೆ, ಬಿಸಿಲು. ನಾನು ಎಲೆ ಬಿಟ್ಟು ಎದ್ದು ಬಾಗಿಲಿಗೆ ಹೋದೆ. ರಸ್ತೆಯಲ್ಲಿ ಜೀನ್ಸ್ ಬಟ್ಟೆಯ ಮೂಟೆ ಹೊತ್ತ ಗಾಡಿಯೊಂದು ಹೋಗುತ್ತಿತ್ತು, ಬೇರೆ ಯಾರೂ ಇರಲಿಲ್ಲ. ಒಳಗೆ ಎಲ್ಲರೂ ಈರಕ್ಕನ ಹೆಸರು ಕೂಗಿದರು. ಎರಡೂ ಕೈ ಅಡ್ಡ ಹಿಡಿದು, “ನಿನ್ನಲ್ಲವ್ವ” ಎಂದೆ. ನನ್ನ ದನಿ ಅವಳಿಗೆ ಗೊತ್ತಿಲ್ಲ, ನನ್ನ ಮಾತನ್ನು ಅವಳು ಯಾಕೆ ಕೇಳಬೇಕು? ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಮತ್ತೆ ಕರೆದರು.